ತಾಜ್ ಹೋಟೆಲಿನ ಮುಖ ಯಾವುದು, ಬೆನ್ನು ಯಾವುದು?

ಪ್ರಶ್ನೆ: ಈಚೆಗೆ ಮನೆಮಂದಿಯೆಲ್ಲ ಮುಂಬೈಗೆ ಹೋಗಿದ್ದೆವು. ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ಗೈಡ್ ಒಬ್ಬ ತಾಜ್ ಮಹಲ್ ಹೋಟೆಲನ್ನು ತೋರಿಸಿ ಒಂದು ಕತೆ ಹೇಳಿದ. ಕಟ್ಟುವವರು ನಕ್ಷೆಯನ್ನು ತಿರುಗಿಸಿ ಹಿಡಿದು ಇಡೀ ಕಟ್ಟಡವನ್ನು ಉಲ್ಟಾ ಕಟ್ಟಿಬಿಟ್ಟರಂತೆ. ವಿಲಾಯತಿಗೆ ಹೋಗಿದ್ದ ವಾಸ್ತುಶಿಲ್ಪಿ ವಾಪಸು ಬಂದು ನೋಡಿದರೆ ಹಿತ್ತಲು ಸಮುದ್ರದ ಕಡೆಗಿತ್ತಂತೆ, ಅವಮಾನ ತಾಳದೆ ಅಲ್ಲಿಂದಲೇ ಹಾರಿ ಸತ್ತನಂತೆ. ಜಮ್‌ಶೆಟ್‌ಜಿ ಟಾಟಾ ಅವರನ್ನು ಬಿಳಿಯರ ಹೋಟೆಲೊಂದು ಒಳಗೆ ಬಿಡಲಿಲ್ಲ, ಆ ಹಟಕ್ಕೆ ಇದನ್ನು ಕಟ್ಟಿಸಿದರು ಎಂದೂ ಹೇಳಿದ. ಇದರಲ್ಲಿ ನಿಜವೆಷ್ಟು, ಬುರುಡೆಯೆಷ್ಟು?

ಉತ್ತರ: ಉಲ್ಟಾ ಕಟ್ಟಿಲ್ಲ. ಯಾರೂ ಹಾರಿಲ್ಲ. ಟಾಟಾ ಅವರ ಹಟದ ಕತೆಗೆ ಮಾತ್ರ ಸ್ವಲ್ಪ ಉದ್ದನೆಯ ಉತ್ತರ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗೈಡ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಆತ ಹೇಳಿದ ಕಾರಣ ಸುಳ್ಳಾದರೂ ಕಂಡದ್ದು ಸುಳ್ಳಲ್ಲ. ಗೇಟ್‌ವೇ ಕಡೆ ನಿಂತು ನಾವೆಲ್ಲ ಫೋಟೊ ತೆಗೆಯುವ ಮಗ್ಗುಲು ಆ ಕಟ್ಟಡದ ಮೂಲ ಮುಂಬಾಗಿಲಿನ ಮಗ್ಗುಲಲ್ಲ. ಹೋಟೆಲಿನ ಹಳೆಯ ಭಾಗವನ್ನು ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರದ ಆಕಾರ ಕಾಣುತ್ತದೆ. ನಮ್ಮ ತೊಟ್ಟಿಮನೆಯ ನಾಲ್ಕು ಪಡಸಾಲೆಗಳಲ್ಲಿ ಒಂದನ್ನು ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. ಉದ್ದನೆಯ ಬೆನ್ನು ಪೂರ್ವಕ್ಕೆ, ಬಂದರಿನ ನೀರಿನ ಕಡೆ. ಎರಡು ತೋಳುಗಳು ಪಶ್ಚಿಮಕ್ಕೆ, ಊರಿನ ಕಡೆಗೆ ಚಾಚಿವೆ. ಆ ತೋಳುಗಳ ನಡುವಿನ ಅಂಗಳಕ್ಕೇ ಮೊದಲು ಸಾರೋಟುಗಳು ಬಂದು ನಿಲ್ಲುತ್ತಿದ್ದುದು. ಈಗ ಅಲ್ಲಿ ಈಜುಕೊಳವಿದೆ.

ಇದನ್ನು ಓದಿ ನಂಬುವುದಕ್ಕಿಂತ ಕಣ್ಣಾರೆ ನೋಡುವುದೇ ಸುಲಭ. ಮುಂದಿನ ಸಲ ಹೋದಾಗ ಸಮುದ್ರದ ಕಡೆಯ ನೂಕುನುಗ್ಗಲು ಬಿಟ್ಟು ಹೋಟೆಲಿಗೆ ಅರ್ಧ ಪ್ರದಕ್ಷಿಣೆ ಹಾಕಿ, ಹಿಂಬದಿಯ ಮೆರಿವೆದರ್ ರಸ್ತೆಗೆ ಬನ್ನಿ. ನಾನು ಮೊದಲ ಸಲ ಅಲ್ಲಿ ನಿಂತಾಗ ಬೆಳಗಿನ ಹೊತ್ತು. ಸರಕು ತಂದ ಗಾಡಿ, ಪಾಳಿ ಬದಲಿಸಲು ಬಂದ ಕೆಲಸಗಾರರು, ಗೋಡೆಗೆ ಒರಗಿಸಿದ ಸೈಕಲ್ಲು, ಎಲ್ಲ ಹಿತ್ತಲಿನ ಲಕ್ಷಣಗಳೇ. ತಲೆ ಎತ್ತಿ ನೋಡಿದರೆ ಮಾತ್ರ ಕಟ್ಟಡ ಬೇರೆಯೇ ಮಾತಾಡುತ್ತಿತ್ತು. ಎರಡು ತೋಳುಗಳು ಬರುವವರನ್ನು ಒಳಕ್ಕೆ ಕರೆಯುವ ಹಾಗೆ ಚಾಚಿಕೊಂಡಿದ್ದವು, ಅವುಗಳ ನಡುವೆ ಹಿಂದಕ್ಕೆ ಸರಿದು ದೊಡ್ಡ ಗುಮ್ಮಟ ನಿಂತಿತ್ತು. ಅರಮನೆಗಳನ್ನು ನೋಡಿ ಅಭ್ಯಾಸವಿದ್ದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಅಂಗಳವನ್ನು ತೋಳುಗಳಿಂದ ಬಳಸಿಕೊಂಡ ಮಗ್ಗುಲು ಯಾವಾಗಲೂ ಅತಿಥಿ ಬರುವ ಮಗ್ಗುಲು. ಹಿತ್ತಲಿಗೆ ಯಾರೂ ಅಷ್ಟು ಖರ್ಚಿನ ಅಂಗಳ ಮಾಡಿಸುವುದಿಲ್ಲ.

ಹಾಗಾದರೆ ಅಷ್ಟು ಚಂದದ ಸಮುದ್ರ ಬಿಟ್ಟು ಊರಿನ ಕಡೆ ಯಾಕೆ ಬಾಗಿಲಿಟ್ಟರು? ಮುಂಬೈನ ಭೂಗೋಳದಲ್ಲೇ ಉತ್ತರವಿದೆ. ದಕ್ಷಿಣ ಮುಂಬೈ ಅಂದರೆ ನೀರಿನೊಳಕ್ಕೆ ಚಾಚಿದ ಕಿರಿದಾದ ನಾಲಿಗೆ. ಅದರ ಪೂರ್ವಕ್ಕೆ ಬಂದರು, ಪಶ್ಚಿಮಕ್ಕೆ ಬ್ಯಾಕ್ ಬೇ ಮತ್ತು ತೆರೆದ ಅರಬ್ಬಿ ಸಮುದ್ರ. ಮಧ್ಯಾಹ್ನದ ಮೇಲೆ ತಂಪು ಗಾಳಿ ಬೀಸುವುದು ಪಶ್ಚಿಮ, ವಾಯವ್ಯ ದಿಕ್ಕಿನಿಂದ. ಎದುರಿಗೆ ಕಾಣುವ ಬಂದರಿನ ನೀರಿನಿಂದಲ್ಲ. ಪಶ್ಚಿಮಕ್ಕೆ ಬಾಯಿ ತೆರೆದ ಅಂಗಳ ಆ ಗಾಳಿಯನ್ನು ಬೊಗಸೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ. ಇದು ಶೋಕಿಯ ಮಾತಲ್ಲ. ಹೋಟೆಲು ಶುರುವಾದಾಗ ಸಾಮಾನ್ಯ ಕೋಣೆಗೆ ದಿನಕ್ಕೆ 10 ರೂಪಾಯಿ, ಫ್ಯಾನೂ ಸ್ವಂತ ಬಚ್ಚಲೂ ಇದ್ದ ಕೋಣೆಗೆ 13 ರೂಪಾಯಿ. ಅಂದರೆ ಫ್ಯಾನು ಎಲ್ಲ ಕೋಣೆಗೂ ಸಿಗುವಂಥದ್ದಾಗಿರಲಿಲ್ಲ. ಮೇ ತಿಂಗಳ ಮುಂಬೈಯಲ್ಲಿ 10 ರೂಪಾಯಿ ಕೋಣೆಯವರಿಗೆ ಗಾಳಿಯೇ ದಿಕ್ಕು.

ಇನ್ನೊಂದು ಲೆಕ್ಕ ವ್ಯಾಪಾರದ್ದು. ಬಾಗಿಲು, ಪೋರ್ಟಿಕೊ, ಗಾಡಿಗಳ ಗದ್ದಲ ಎಲ್ಲವನ್ನೂ ಊರಿನ ಕಡೆ ಇಟ್ಟುಬಿಟ್ಟರೆ ಪೂರ್ವದ ಉದ್ದನೆಯ ಬೆನ್ನು ಪೂರ್ತಿ ಕೋಣೆಗಳಿಗೆ ಸಿಗುತ್ತದೆ. ಕಿಟಕಿ ತೆರೆದರೆ ಹಡಗುಗಳು, ಬೆಳಗಿನ ಬಿಸಿಲು. ಬಾಡಿಗೆ ಬರುವುದು ಕೋಣೆಯಿಂದ, ಬಾಗಿಲಿನಿಂದಲ್ಲ. ಸಮುದ್ರದ ನೋಟವನ್ನು ಗಾಡಿಗಳಿಗೆ ಕೊಟ್ಟು ಊರಿನ ನೋಟವನ್ನು ಗಿರಾಕಿಗೆ ಕೊಡುವವನು ಹೋಟೆಲು ನಡೆಸಲು ನಾಲಾಯಕ್ಕು.

ಈಗ ನಿಮ್ಮ ಮನಸ್ಸಿನಲ್ಲಿರುವ ಚಿತ್ರದಿಂದ ಗೇಟ್‌ವೇ ಆಫ್ ಇಂಡಿಯಾವನ್ನು ಅಳಿಸಿಬಿಡಿ. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಆಗ ಅಲ್ಲಿ ಗೇಟ್‌ವೇ ಇರಲೇ ಇಲ್ಲ. ಐದನೇ ಜಾರ್ಜ್ ದೊರೆಯ ಭೇಟಿಯ ನೆನಪಿಗೆಂದು ಅದಕ್ಕೆ ಅಡಿಗಲ್ಲು ಹಾಕಿದ್ದು 1913ರ ಮಾರ್ಚಿನಲ್ಲಿ. ಜಾರ್ಜ್ ವಿಟೆಟ್ ಮಾಡಿದ ವಿನ್ಯಾಸಕ್ಕೆ ಒಪ್ಪಿಗೆ ಬಿದ್ದದ್ದು 1914ರಲ್ಲಿ. ಸಮುದ್ರ ತುಂಬಿಸಿ, ಅಡಿಪಾಯ ಎಬ್ಬಿಸಿ, ಕಟ್ಟಿ ಮುಗಿಸಿ ಉದ್ಘಾಟನೆ ಆಗುವ ಹೊತ್ತಿಗೆ 1924ರ ಡಿಸೆಂಬರ್. ದೊರೆ ಬಂದು ಹೋಗಿ 13 ವರ್ಷವಾಗಿತ್ತು! ಅದಾದ ಮೇಲೇ ಆ ಜಾಗ ನಗರದ ಮುಖ ಅನ್ನಿಸಿಕೊಂಡದ್ದು. ಜನ ಅಲ್ಲಿ ಸೇರತೊಡಗಿದರು, ಎಲ್ಲರೂ ಅಲ್ಲೇ ನಿಂತು ತಾಜ್ ಕಡೆ ನೋಡತೊಡಗಿದರು. ಅಲ್ಲಿಂದ ನೋಡಿದವರಿಗೆ ‘ಬಾಗಿಲು ಎಲ್ಲಿ?’ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿರಬೇಕು. ಕಟ್ಟಡ ಎಲ್ಲಿತ್ತೋ ಅಲ್ಲೇ ಇತ್ತು, ನೋಡುವವರು ಇನ್ನೊಂದು ಮಗ್ಗುಲಿಗೆ ಬಂದಿದ್ದರು.

ಕೊನೆಗೆ ಹೋಟೆಲೂ ಅವರ ಹಿಂದೆಯೇ ಬಂತು. ಬಾಗಿಲು ಬಂದರಿನ ಕಡೆಗೆ ಬದಲಾಯಿತು, ಹಳೆಯ ಅಂಗಳ ಒಳಗಿನವರ ತೋಟವೂ ಕೊಳವೂ ಆಯಿತು. ಪಕ್ಕದಲ್ಲಿದ್ದ ಗ್ರೀನ್ಸ್ ಹೋಟೆಲಿನ ಜಾಗದಲ್ಲಿ 1973ರಲ್ಲಿ ಬಹುಮಹಡಿಯ ಟವರ್ ಎದ್ದ ಮೇಲೆ ಕಟ್ಟಡದ ತೂಕವೆಲ್ಲ ಸಮುದ್ರದ ಕಡೆಗೇ ವಾಲಿತು. (ಆ ಟವರ್ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಕೇಳಿದರೆ ಗ್ರೀನ್ಸ್ ಹೋಟೆಲಿನ ವರಾಂಡಗಳನ್ನು ನೆನೆದು ನಿಟ್ಟುಸಿರು ಬಿಡುತ್ತೇನೆ.)

ಇನ್ನು ಹಾರಿ ಸತ್ತ ವಾಸ್ತುಶಿಲ್ಪಿಯ ವಿಚಾರ. ಈ ಕತೆಯ ಬಗ್ಗೆ ನನಗೆ ಸಿಟ್ಟಿರುವುದು ಅದು ಸುಳ್ಳೆಂದಲ್ಲ, ಅದು ನಿಜವಾದ ಹೆಸರುಗಳನ್ನು ನುಂಗಿಹಾಕಿದೆ ಎಂದು. ಕತೆಯಲ್ಲಿ ಬರುವವನು ಯಾವಾಗಲೂ ಪರದೇಶದವನು, ಹೆಸರಿಲ್ಲದವನು. ನಕ್ಷೆ ಬರೆದು ಕೊಟ್ಟವನು ಹಡಗು ಹತ್ತಿ ಹೋದ, ಇಲ್ಲಿನ ‘ದಡ್ಡರು’ ತಿರುಗಿಸಿ ಕಟ್ಟಿದರು! ವಾಸ್ತವದಲ್ಲಿ ತಾಜ್‌ನ ಮೂಲ ವಿನ್ಯಾಸಕರು ಇಬ್ಬರು ಭಾರತೀಯರು: ರಾವ್‌ಸಾಹೇಬ್ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ವೈದ್ಯರು ಸಾಮಾನ್ಯರಲ್ಲ. ವಿಕ್ಟೋರಿಯಾ ಟರ್ಮಿನಸ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕಟ್ಟುವಾಗ ಎಫ್. ಡಬ್ಲ್ಯು. ಸ್ಟೀವನ್ಸ್ ಅವರಿಗೆ ಸಹಾಯಕ ಎಂಜಿನಿಯರ್ ಆಗಿದ್ದವರು. ಅಷ್ಟು ದೊಡ್ಡ ನಿಲ್ದಾಣದ ಕೆಲಸದಲ್ಲಿ ಪಳಗಿದವರಿಗೆ ಪೂರ್ವ ಯಾವುದು ಪಶ್ಚಿಮ ಯಾವುದು ಎಂದು ಹೇಳಿಕೊಡಬೇಕಾಗಿರಲಿಲ್ಲ. ತಾಜ್ ಮುಗಿಯುವ ಮುನ್ನವೇ ವೈದ್ಯರು ತೀರಿಕೊಂಡರು. ಮುಗಿದ ಕಟ್ಟಡ ನೋಡಿ ಎದೆಯೊಡೆದುಕೊಳ್ಳಲು ಅವರಿರಲೇ ಇಲ್ಲ.

ಕೆಲಸವನ್ನು ಮುಂದುವರಿಸಿ ಮುಗಿಸಿದವರು ಡಬ್ಲ್ಯು. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್. ನಡುವಿನ ಗುಮ್ಮಟವನ್ನು ಇನ್ನಷ್ಟು ದೊಡ್ಡದು ಮಾಡಿದವರು ಅವರೇ. ಕನ್ನಡಿಗರಿಗೆ ಇಲ್ಲೊಂದು ನೆಂಟಸ್ತಿಕೆಯಿದೆ. ಚೇಂಬರ್ಸ್ ಪಾಲುದಾರರಾಗಿದ್ದ ಮುಂಬೈನ ಕಚೇರಿಯಲ್ಲಿ ಇನ್ನೊಬ್ಬ ಪಾಲುದಾರರು ಇ. ಡಬ್ಲ್ಯು. ಫ್ರಿಚ್ಲಿ. ಮೈಸೂರಿನ ಲಲಿತಮಹಲ್ ಅರಮನೆಗೆ ನಕ್ಷೆ ಹಾಕಿದವರು ಇದೇ ಫ್ರಿಚ್ಲಿ. ಅದೂ ಮುಂದೆ ಹೋಟೆಲೇ ಆಯಿತು.

ಗುತ್ತಿಗೆದಾರರು ಖಾನ್‌ಸಾಹೇಬ್ ಸೊರಾಬ್ಜಿ ರತನ್‌ಜಿ. ‘ಕಾಂಟ್ರಾಕ್ಟರ್’ ಎಂಬುದೇ ಅವರ ಅಡ್ಡಹೆಸರು. ಗುಮ್ಮಟದ ಕೆಳಗಿನ ಆ ಪ್ರಸಿದ್ಧ ಮೆಟ್ಟಿಲು ಅವರ ಕೈಚಳಕ. ಒಳಗೆ ಹೋಗುವ ಅವಕಾಶ ಸಿಕ್ಕರೆ ಮೊದಲು ಅದರ ಬುಡಕ್ಕೆ ಹೋಗಿ ನಿಲ್ಲಿ. ನಡುವೆ ಕಂಬದ ಆಸರೆಯಿಲ್ಲ, ಮೆಟ್ಟಿಲುಗಳು ಗೋಡೆಗೆ ಕಚ್ಚಿಕೊಂಡು ಗಾಳಿಯಲ್ಲಿ ತೇಲಿದ ಹಾಗೆ ಮೇಲೇರುತ್ತವೆ. ಇಂಥ ಮೆಟ್ಟಿಲಿನಲ್ಲಿ ಒಂದೊಂದು ಕಲ್ಲಿನ ಒಂದು ತುದಿಯನ್ನು ಗೋಡೆಯೊಳಗೆ ಹುದುಗಿಸಿರುತ್ತಾರೆ. ಮೇಲಿನ ಗೋಡೆಯ ಭಾರವೇ ಅದನ್ನು ಅದುಮಿ ಹಿಡಿದುಕೊಳ್ಳುತ್ತದೆ, ಮೇಲಿನ ಮೆಟ್ಟಿಲು ಕೆಳಗಿನದರ ಅಂಚಿನ ಮೇಲೆ ಕೂತು ತಿರುಚದ ಹಾಗೆ ತಡೆಯುತ್ತದೆ. ಗೋಡೆ ಎಬ್ಬಿಸುವಾಗಲೇ ಮೆಟ್ಟಿಲು ಎಲ್ಲಿ ಬರುತ್ತದೆ, ಯಾವ ಎತ್ತರಕ್ಕೆ ಬರುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು. ಆಮೇಲೆ ತೂರಿಸುವ ಕೆಲಸ ಇದಲ್ಲ. ಇಷ್ಟು ಲೆಕ್ಕ ಇಟ್ಟುಕೊಂಡು ಕಟ್ಟಿದವರು ಇಡೀ ಕಟ್ಟಡವನ್ನೇ ತಿರುಗಿಸಿ ಕೂರಿಸಿದರು, ಅದೂ ಮಾಲೀಕರ ಮನೆ ಅದೇ ಊರಿನಲ್ಲಿರುವಾಗ, ಒಬ್ಬರ ಕಣ್ಣಿಗೂ ಬೀಳದೆ, ಅಂದರೆ ನೀವೇ ಹೇಳಿ.

ಹಾಗಾದರೆ ಈ ಕತೆ ಹುಟ್ಟಿದ್ದೆಲ್ಲಿ? ಇಂಥ ಕತೆಗಳಿಗೆ ಊರಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕೆಲ್ವಿನ್‌ಗ್ರೋವ್ ಎಂಬ ದೊಡ್ಡ ಕಲಾ ಗ್ಯಾಲರಿ, ವಸ್ತುಸಂಗ್ರಹಾಲಯವಿದೆ. 1901ರಲ್ಲಿ ತೆರೆದದ್ದು, ಹೆಚ್ಚುಕಡಿಮೆ ತಾಜ್‌ನ ಓರಗೆಯದು. ಅಲ್ಲಿಯೂ ಅಕ್ಷರಶಃ ಇದೇ ಕತೆ: ಹಿಂದುಮುಂದು ಕಟ್ಟಿದರು, ವಾಸ್ತುಶಿಲ್ಪಿ ಗೋಪುರದಿಂದ ಹಾರಿದ. ಅಲ್ಲಿಯೂ ಸುಳ್ಳೇ. ಆಗ ನಡೆದ ಅಂತರರಾಷ್ಟ್ರೀಯ ಪ್ರದರ್ಶನದ ಬಯಲಿಗೆ, ಅಂದರೆ ಉದ್ಯಾನದ ಕಡೆಗೆ ಮುಖ ಮಾಡಿ ಅದನ್ನು ಕಟ್ಟಿದ್ದರು. ಮುಂದೆ ಜನ ಇನ್ನೊಂದು ಬದಿಯ ರಸ್ತೆಯಿಂದ ಬರತೊಡಗಿದರು. ತಾಜ್‌ಗೆ ಆದದ್ದೂ ಅದೇ.

ಅಷ್ಟು ದೂರ ಯಾಕೆ, ನಮ್ಮ ಬೇಲೂರಿನ ಜಕಣಾಚಾರಿ ಇಲ್ಲವೇ? ಮೂರ್ತಿಯ ಕಲ್ಲಿನಲ್ಲಿ ಕಪ್ಪೆ ಇದೆಯೆಂದು ಒಬ್ಬ ಹುಡುಗ ತೋರಿಸಿಕೊಟ್ಟ, ಆಡಿದ ಮಾತಿಗೆ ತಪ್ಪದೆ ಆಚಾರಿ ತನ್ನ ಬಲಗೈ ಕಡಿದುಕೊಂಡ, ಆ ಹುಡುಗ ಅವನ ಮಗನೇ ಆಗಿದ್ದ. ಕೇಳಿ ಬೆಳೆದ ಕತೆ, ಈಗಲೂ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಚಾವಣ ಇದ್ದಾನೆ, ಜಕಣಾಚಾರಿ ಇಲ್ಲ. ದೊಡ್ಡ ಕಟ್ಟಡಕ್ಕೆ ಒಂದು ಬಲಿ ಬೇಕು ಅನ್ನಿಸುತ್ತದೆ ಜನಕ್ಕೆ. ಕೆರೆಗೆ ಹಾರ ಕೊಟ್ಟ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕತೆಯ ಗದ್ದಲದಲ್ಲಿ ಅಲ್ಲಿ ದಾಸೋಜ ಮರೆಯಾದ, ಇಲ್ಲಿ ವೈದ್ಯ, ಮಿರ್ಜಾ ಮರೆಯಾದರು.

ಈಗ ಟಾಟಾ ಅವರ ಹಟದ ಪ್ರಶ್ನೆ. ಆ ಬಿಳಿಯರ ಹೋಟೆಲು ಯಾವುದು ಎಂದು ಕೇಳಿದರೆ ಬಹುಪಾಲು ಜನ ವಾಟ್ಸನ್ಸ್ ಎನ್ನುತ್ತಾರೆ, ಕೆಲವರು ಪೈಕ್ಸ್ ಅಪೋಲೊ ಎನ್ನುತ್ತಾರೆ. ಘಟನೆ ನಡೆದ ಜಾಗವೇ ಬಾಯಿಂದ ಬಾಯಿಗೆ ಬದಲಾಗುತ್ತಿದ್ದರೆ ಚರಿತ್ರೆ ಬರೆಯುವವರು ಸ್ವಲ್ಪ ಹುಷಾರಾಗುತ್ತಾರೆ. ವಾಟ್ಸನ್ಸ್‌ನೊಳಗೆ ಯುರೋಪಿಯನ್ನರಿಗೆ ಮಾತ್ರ ಪ್ರವೇಶ ಇದ್ದದ್ದು ನಿಜ. ಅಂಥ ಅವಮಾನ ಯಾವ ಭಾರತೀಯನಿಗೂ ಆಗಬಹುದಾಗಿದ್ದ ಕಾಲ ಅದು, ಹಾಗಾಗಿಯೇ ಕತೆ ನಂಬುವ ಹಾಗಿದೆ. ಆದರೆ ಜಮ್‌ಶೆಟ್‌ಜಿ ಅವರ ಆತ್ಮೀಯರಾಗಿದ್ದ ಪತ್ರಿಕಾ ಸಂಪಾದಕ ಲೊವಾಟ್ ಫ್ರೇಸರ್ ಬರೆದಿರುವುದು ಬೇರೆಯೇ. ಹೋಟೆಲಿನ ಒಡೆಯನಾಗುವ ಆಸೆ ಅವರಿಗೆ ಎಳ್ಳಷ್ಟೂ ಇರಲಿಲ್ಲ, ಹೊರಗಿನ ಜನರನ್ನು ಭಾರತಕ್ಕೆ ಸೆಳೆಯಬೇಕು, ಜೊತೆಗೆ ಮುಂಬೈ ಸುಧಾರಿಸಬೇಕು ಎಂಬುದಷ್ಟೇ ಅವರ ಇಚ್ಛೆಯಾಗಿತ್ತು ಎನ್ನುತ್ತಾರೆ ಅವರು. ಕಾಲವನ್ನೂ ನೋಡಿ. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು, ವ್ಯಾಪಾರ ಕುಸಿಯಿತು. ಇನ್ನು ಈ ಊರು ಮೇಲೇಳುವುದಿಲ್ಲ ಎಂದು ಆಡಿಕೊಳ್ಳುವ ಹೊತ್ತಿನಲ್ಲಿ ಒಬ್ಬರು ನೀರಂಚಿನಲ್ಲಿ ಅರಮನೆಯಂಥ ಹೋಟೆಲು ಕಟ್ಟಲು ಹೊರಟರು. ಸೇಡಿಗಿಂತ ಇದೇ ನನಗೆ ದೊಡ್ಡ ಹಟವಾಗಿ ಕಾಣುತ್ತದೆ.

ಮನೆಯವರಿಗೇ ಇದು ಹಿಡಿಸಿರಲಿಲ್ಲವಂತೆ. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಮಾಡುತ್ತೀಯ, ಉಕ್ಕಿನ ಕಾರ್ಖಾನೆ ಮಾಡುತ್ತೀಯ, ಈಗ ‘ಭಟಾರ್‌ಖಾನಾ’ನೂ ಇಡುತ್ತೀಯಾ ಎಂದು ಅವರ ಅಕ್ಕತಂಗಿಯರಲ್ಲಿ ಒಬ್ಬರು ಮೂದಲಿಸಿದರು ಎಂದು ಹೇಳುತ್ತಾರೆ. ಭಟಾರ್‌ಖಾನಾ ಅಂದರೆ ನಮ್ಮ ಮಾತಿನಲ್ಲಿ ಊಟದ ಮನೆ, ಖಾನಾವಳಿ. ಟಾಟಾ 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ವಿಜ್ಞಾನ ಸಂಸ್ಥೆಯನ್ನೂ ನೋಡಲಿಲ್ಲ, ಉಕ್ಕನ್ನೂ ನೋಡಲಿಲ್ಲ. ಅವರ ದೊಡ್ಡ ಕನಸುಗಳ ಪೈಕಿ ಕಣ್ಣೆದುರು ನಿಜವಾದದ್ದು ಖಾನಾವಳಿ ಒಂದೇ. ಅದೂ ಮೊದಲ ದಿನ ಬಂದವರು 17 ಮಂದಿ.

ವಾಟ್ಸನ್ಸ್ ಗತಿ ಏನಾಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ಕಾಲಾ ಘೋಡಾದಲ್ಲಿ ಆ ಕಟ್ಟಡ ಇನ್ನೂ ನಿಂತಿದೆ. ಜಾನ್ ವಾಟ್ಸನ್ ಎಂಬ ಜವಳಿ ವ್ಯಾಪಾರಿ ಕಟ್ಟಿಸಿದ್ದು. ಎರಕದ ಕಬ್ಬಿಣದ ಕಂಬ, ತೊಲೆಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಿ, ಹಡಗಿನಲ್ಲಿ ತಂದು, 1867ರಿಂದ 1869ರವರೆಗೆ ಇಲ್ಲಿ ಜೋಡಿಸಿ ನಿಲ್ಲಿಸಿದರು. ವಿನ್ಯಾಸ ರೋಲೆಂಡ್ ಮೇಸನ್ ಆರ್ಡಿಶ್ ಅವರದು, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಚಾವಣಿಯ ಕೆಲಸದಲ್ಲಿದ್ದ ಎಂಜಿನಿಯರ್. ಬಡಿಸುವುದಕ್ಕೂ ಇಂಗ್ಲೆಂಡಿನಿಂದಲೇ ಹುಡುಗಿಯರು ಬಂದಿದ್ದರು. ಇಷ್ಟೆಲ್ಲ ತರಿಸಿದ ವಾಟ್ಸನ್ ಅಲ್ಲಿನ ಹವೆಯನ್ನೂ ತರಿಸಬಾರದಿತ್ತೇ ಎಂದು ಊರವರು ನಗೆಯಾಡುತ್ತಿದ್ದರು. 1896ರಲ್ಲಿ ಮಾರ್ಕ್ ಟ್ವೇನ್ ಅಲ್ಲಿ ಇಳಿದುಕೊಂಡು ಕಿಟಕಿಯಾಚೆಯ ಕಾಗೆಗಳನ್ನು ನೋಡುತ್ತ ಕೂತಿದ್ದರು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸೋದರರ ಚಲನಚಿತ್ರಗಳ ಪ್ರದರ್ಶನ ಭಾರತದಲ್ಲಿ ಮೊದಲು ನಡೆದದ್ದೂ ಅಲ್ಲೇ. ತಾಜ್ ಬಂದ ಮೇಲೆ ವಾಟ್ಸನ್ಸ್ ಇಳಿಮುಖವಾಯಿತು. ಹೋಟೆಲು ಮುಚ್ಚಿ, ಕೋಣೆಗಳನ್ನು ಒಡೆದು ಸಣ್ಣ ಮನೆ, ವಕೀಲರ ಕಚೇರಿಗಳನ್ನು ಮಾಡಿದರು. ಹೆಸರು ಎಸ್‌ಪ್ಲನೇಡ್ ಮ್ಯಾನ್ಷನ್ ಆಯಿತು. 2005ರಲ್ಲಿ ಮುಂಭಾಗದ ಒಂದಷ್ಟು ಕುಸಿದು ಸಾವೂ ಆಯಿತು. 2019ರಲ್ಲಿ ಒಳಗಿದ್ದವರನ್ನು ತೆರವು ಮಾಡಿದರು. ಕೆಡವಬೇಕೋ ಉಳಿಸಬೇಕೋ ಎಂಬುದು ಹೈಕೋರ್ಟಿನವರೆಗೂ ಹೋಯಿತು. ನನ್ನನ್ನು ಕೇಳಿದರೆ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಲಿ. ಮೊದಲು ಅದನ್ನು ತಂದು ಕಟ್ಟಿದ್ದೂ ಹಾಗೆಯೇ ತಾನೆ?

ತಾಜ್ ಕೂಡ ಮೈಮೇಲೆ ಗಾಯ ಹೊತ್ತೇ ನಿಂತಿದೆ. ಮೊದಲನೇ ಮಹಾಯುದ್ಧದಲ್ಲಿ ಅದನ್ನು 600 ಹಾಸಿಗೆಯ ಆಸ್ಪತ್ರೆ ಮಾಡಿದ್ದರು. 2008ರ ನವೆಂಬರ್ 26ರ ದಾಳಿಯ ದಿನಗಳಲ್ಲಿ ಗುಮ್ಮಟದ ಸುತ್ತ ಬೆಂಕಿ ಎದ್ದುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಹಳೆಯ ಭಾಗವನ್ನು ದುರಸ್ತಿ ಮಾಡಿ ಮತ್ತೆ ತೆರೆದದ್ದು 2010ರ ಆಗಸ್ಟ್ 15ರಂದು.

ಕೊನೆಗೊಂದು ವಿಷಯ, ನಿಮ್ಮ ಗೈಡ್ ಮತ್ತೆ ಸಿಕ್ಕರೆ ಹೇಳಲು. ಆ ಜಾಗದಲ್ಲಿ ಸೊಟ್ಟಗೆ ನಿಂತಿರುವ ಕಟ್ಟಡ ಒಂದಿದೆ, ಅದು ತಾಜ್ ಅಲ್ಲ. ಗೇಟ್‌ವೇಗೆ ನೇರವಾಗಿ ಬಂದು ಸೇರುವ ಒಂದು ದೊಡ್ಡ ರಸ್ತೆ ಮಾಡಬೇಕೆಂದಿತ್ತು. ದುಡ್ಡು ಸಾಲದೆ ಅದು ಆಗಲೇ ಇಲ್ಲ. ಹಾಗಾಗಿ ಈಗಿರುವ ರಸ್ತೆಯಲ್ಲಿ ನಡೆದು ಬಂದವರಿಗೆ ಗೇಟ್‌ವೇ ಓರೆಯಾಗಿ, ಪಕ್ಕಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಅದರ ವಾಸ್ತುಶಿಲ್ಪಿ ಹಾರಿ ಸತ್ತ ಎಂದು ಮಾತ್ರ ಈವರೆಗೆ ಯಾರೂ ಕತೆ ಕಟ್ಟಿಲ್ಲ.